ಗುರು ಅರ್ಜನದೇವರ ಜೀವನ ಮತ್ತು ಆದಿಗ್ರಂಥದ ಸಂಪಾದನೆ

ಸಿಖ್ ಧರ್ಮದ ಆರಾಧನೆಯ ಕೇಂದ್ರದಲ್ಲಿರುವುದು ಒಂದು ಗ್ರಂಥ. ಗುರುದ್ವಾರದ ಸಭಾಂಗಣದಲ್ಲಿ ಮೂರ್ತಿ ಇರುವುದಿಲ್ಲ. ಮೇಲ್ಕಟ್ಟಿನ ಕೆಳಗೆ, ಎತ್ತರದ ಪೀಠದಲ್ಲಿ, ವಸ್ತ್ರಗಳ ಹೊದಿಕೆಯೊಡನೆ ಗುರು ಗ್ರಂಥ ಸಾಹಿಬ್ ಪ್ರತಿಷ್ಠಿತವಾಗಿರುತ್ತದೆ. ಬೆಳಗಿನ ಜಾವ ಅದನ್ನು ತೆರೆಯುವ ವಿಧಿಗೆ ಪ್ರಕಾಶವೆಂದೂ, ರಾತ್ರಿ ಮುಚ್ಚಿ ವಿಶ್ರಾಂತಿಯ ಕೋಣೆಗೆ ಒಯ್ಯುವ ವಿಧಿಗೆ ಸುಖಾಸನವೆಂದೂ ಹೆಸರು. ತೆರೆದ ಗ್ರಂಥಕ್ಕೆ ಚಾಮರ ಬೀಸಲಾಗುತ್ತದೆ. ಬಂದವರು ಅದರ ಮುಂದೆ ಹಣೆ ಮಣಿದು ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ತೆರೆದಾಗ ಕಣ್ಣಿಗೆ ಬಿದ್ದ ಪದ್ಯವೇ ಆ ದಿನದ ಆಜ್ಞೆ. ಮಗುವಿಗೆ ಹೆಸರಿಡುವಾಗ ಮೊದಲ ಅಕ್ಷರವನ್ನು ಕೊಡುವುದು ಗ್ರಂಥ. ವಧೂವರರು ಪ್ರದಕ್ಷಿಣೆ ಮಾಡುವುದು ಗ್ರಂಥಕ್ಕೆ. ಸಂತೋಷ ದುಃಖಗಳ ಸಂದರ್ಭದಲ್ಲಿ ಸುಮಾರು 48 ಗಂಟೆಗಳ ಕಾಲ ತಡೆಯಿಲ್ಲದೆ ಪಾರಾಯಣವಾಗುವುದೂ ಇದೇ ಗ್ರಂಥ.

ಈ ಗ್ರಂಥಕ್ಕೆ ಗುರುವಿನ ಪದವಿ ದೊರೆತುದು 1708ರಲ್ಲಿ, ಹತ್ತನೆಯ ಗುರು ಗೋವಿಂದಸಿಂಹರ ಅಂತ್ಯಕಾಲದಲ್ಲಿ. ಆದರೆ ಅಂಥ ಪದವಿಯನ್ನು ಹೊರಬಲ್ಲ ಗ್ರಂಥವು ಅದಕ್ಕಿಂತ ಒಂದು ಶತಮಾನ ಮೊದಲೇ ರೂಪುಗೊಂಡಿತ್ತು. ಅದನ್ನು ರೂಪಿಸಿದವರು ಐದನೆಯ ಗುರು ಅರ್ಜನದೇವರು (1563-1606). ಚರಿತ್ರೆಯು ಅವರನ್ನು ಸಿಖ್ ಪಂಥದ ಮೊದಲ ಹುತಾತ್ಮರೆಂದು, ಹರಿಮಂದಿರದ ನಿರ್ಮಾತೃವೆಂದು, ಶ್ರೇಷ್ಠ ಕವಿಯೆಂದು ಸ್ಮರಿಸುತ್ತದೆ. ಅವರನ್ನು ಗ್ರಂಥಸಂಪಾದಕರನ್ನಾಗಿ ನೋಡಿದಾಗ ಈ ಮೂರೂ ಮುಖಗಳ ನಡುವಣ ಸಂಬಂಧ ಸ್ಪಷ್ಟವಾಗುತ್ತದೆ. ಗುರುವಿನ ಮಾತು ಯಾವುದು, ಗುರುವಿನ ಹೆಸರನ್ನು ಹೊತ್ತು ಬಂದ ಬೇರೆಯವರ ಮಾತು ಯಾವುದು ಎಂಬ ಪ್ರಶ್ನೆ ಅವರಿಗೆ ಮೊದಲು ಎದುರಾದದ್ದು ತಮ್ಮ ಮನೆಯೊಳಗೆ. ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ ಆದಿಗ್ರಂಥ.

ಗೋಯಿಂದವಾಲದ ಬಾಲ್ಯ

ಅರ್ಜನರು 1563ರ ಏಪ್ರಿಲ್ 15ರಂದು ಬಿಯಾಸ್ ನದಿಯ ದಡದ ಗೋಯಿಂದವಾಲದಲ್ಲಿ ಜನಿಸಿದರು. ತಂದೆ ಮುಂದೆ ನಾಲ್ಕನೆಯ ಗುರುವಾದ ರಾಮದಾಸರು, ತಾಯಿ ಬೀಬೀ ಭಾನಿ. ಭಾನಿಯವರು ಮೂರನೆಯ ಗುರು ಅಮರದಾಸರ ಮಗಳು. ಪೃಥೀಚಂದ ಮತ್ತು ಮಹಾದೇವರ ನಂತರ ಹುಟ್ಟಿದ ಅರ್ಜನರು ಮೂವರಲ್ಲಿ ಕಿರಿಯರು. ಅವರ ಬಾಲ್ಯ ಅಜ್ಜನ ಮನೆಯಲ್ಲಿ ಕಳೆಯಿತು. ಮಗಳ ಮಗನು ವಾಣಿಯನ್ನು ದಡ ಮುಟ್ಟಿಸುವ ಹಡಗಾಗುವನೆಂದು ಅಮರದಾಸರು ಹರಸಿದ್ದರೆಂಬ ಐತಿಹ್ಯ ಪಂಥದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

ಇಲ್ಲಿ ವಾಣಿ ಎಂಬ ಪದ ಪಾರಿಭಾಷಿಕವಾದುದು. ಗುರುಗಳ ಬಾಯಿಂದ ಹೊರಟ, ರಾಗಬದ್ಧವಾದ ದಿವ್ಯವಾಕ್ಕೇ ಗುರುವಾಣಿ. ಗುರು ನಾನಕರ (1469-1539) ಕಾಲದಿಂದಲೂ ಅದನ್ನು ಹಾಡಲಾಗುತ್ತಿತ್ತು, ಪೋಥಿಗಳಲ್ಲಿ ಬರೆದಿಡಲಾಗುತ್ತಿತ್ತು. ಎರಡನೆಯ ಗುರು ಅಂಗದರ ಹೆಸರು ಗುರುಮುಖಿ ಲಿಪಿಯೊಂದಿಗೆ ಹೊಂದಿಕೊಂಡಿದೆ. ಅಮರದಾಸರ ಕಾಲಕ್ಕೆ ಗುರುವಾಣಿಯ ಸಂಗ್ರಹ ಗೋಯಿಂದವಾಲದಲ್ಲಿ ನಡೆಯಿತೆಂದೂ, ಅವರ ಮೊಮ್ಮಗ ಸಹಸ್ರರಾಮನು ಲಿಪಿಕಾರನಾಗಿದ್ದನೆಂದೂ ಪರಂಪರೆ ಹೇಳುತ್ತದೆ. ಗೋಯಿಂದವಾಲದ ಪೋಥಿಗಳೆಂದು ಕರೆಯಲಾಗುವ ಎರಡು ಹಸ್ತಪ್ರತಿಗಳು ಉಳಿದು ಬಂದಿವೆ. ನಿಜವಾದ ವಾಣಿ ಮತ್ತು ಹಸಿ ವಾಣಿ ಎಂಬ ಭೇದವನ್ನು ಸ್ಪಷ್ಟವಾಗಿ ಮಾಡಿದವರೂ ಅಮರದಾಸರೇ. ಆನಂದ ಎಂಬ ತಮ್ಮ ದೀರ್ಘ ರಚನೆಯಲ್ಲಿ ಅವರು ಗುರುವಿನಿಂದ ಬಾರದ ಮಾತನ್ನು ಹಸಿಯೆಂದು ತಿರಸ್ಕರಿಸಿದ್ದಾರೆ. ಗುರುವಾಣಿಯನ್ನು ಅನುಕರಿಸುವ ರಚನೆಗಳು ಆಗಲೇ ಚಲಾವಣೆಗೆ ಬಂದಿದ್ದವೆಂಬುದಕ್ಕೆ ಇದು ಸೂಚನೆಯಾಗಿದೆ. ಅರ್ಜನರು ಬೆಳೆದದ್ದು ಹಾಡು, ಬರವಣಿಗೆ ಹಾಗೂ ಈ ಎಚ್ಚರಿಕೆ ಮೂರೂ ಇದ್ದ ಮನೆಯಲ್ಲಿ.

ಮೂರನೆಯ ಪತ್ರ

ರಾಮದಾಸರು 1574ರಲ್ಲಿ ಗುರುಪದವಿಗೆ ಬಂದರು. ಮುಂದೆ ಅಮೃತಸರವೆಂದು ಹೆಸರಾದ ಊರನ್ನು ಕಟ್ಟಿ, 1577ರಲ್ಲಿ ಅಲ್ಲಿ ಸರೋವರದ ಕೆಲಸ ಆರಂಭಿಸಿದರು. ಹಿರಿಯ ಮಗ ಪೃಥೀಚಂದ ಕಾಣಿಕೆ, ಅತಿಥಿಸತ್ಕಾರ, ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದನು. ಮಹಾದೇವನದು ವಿರಕ್ತ ಸ್ವಭಾವ. ಲಾಹೋರಿನ ಬಂಧುವೊಬ್ಬರ ಮನೆಯ ಮದುವೆಗೆ ಗುರುಮನೆಯ ಪರವಾಗಿ ಹೋಗಬೇಕಾಗಿ ಬಂದಾಗ ಅಣ್ಣಂದಿರಿಬ್ಬರೂ ಒಪ್ಪಲಿಲ್ಲ, ಅರ್ಜನರು ಹೊರಟರು. ಕರೆ ಬರುವವರೆಗೆ ಅಲ್ಲಿಯೇ ಇರಬೇಕೆಂಬುದು ತಂದೆಯ ಅಪ್ಪಣೆಯಾಗಿತ್ತು.

ಸಂಪ್ರದಾಯದ ಜೀವನಚರಿತ್ರೆಗಳ ಪ್ರಕಾರ, ದಿನಗಳು ಕಳೆದರೂ ಕರೆ ಬಾರದಿದ್ದಾಗ ಅರ್ಜನರು ತಂದೆಯ ಅಗಲಿಕೆಯ ನೋವನ್ನು ಪದ್ಯರೂಪದಲ್ಲಿ ಬರೆದು ಕಳುಹಿಸಿದರು. ಆ ಪತ್ರ ಪೃಥೀಚಂದನ ಕೈಸೇರಿ ಅಲ್ಲಿಯೇ ಉಳಿಯಿತು. ಎರಡನೆಯದರ ಗತಿಯೂ ಅದೇ ಆಯಿತು. ಮೂರನೆಯ ಪತ್ರದ ಮೇಲೆ ಅರ್ಜನರು ಮೂರು ಎಂಬ ಅಂಕಿಯನ್ನು ಬರೆದು, ತಂದೆಯ ಕೈಗೇ ಕೊಡಬೇಕೆಂದು ದೂತನಿಗೆ ತಿಳಿಸಿದರು. ಅಂಕಿಯನ್ನು ಕಂಡ ರಾಮದಾಸರಿಗೆ ಇನ್ನೆರಡು ಪತ್ರಗಳು ಕಾಣೆಯಾಗಿರುವುದು ತಿಳಿಯಿತು. ಪೃಥೀಚಂದನ ಅಂಗಿಯ ಜೇಬಿನಿಂದ ಅವು ಹೊರಬಂದವು. ಮಗನನ್ನು ಕರೆಸಿಕೊಂಡ ತಂದೆ ನಾಲ್ಕನೆಯ ಪದ್ಯವನ್ನು ರಚಿಸಿ ಪೂರ್ಣಗೊಳಿಸುವಂತೆ ಹೇಳಿದರು. ಈ ನಾಲ್ಕೂ ಪದ್ಯಗಳು ಮಾಝ ರಾಗದಲ್ಲಿ ಇಂದು ಗ್ರಂಥದೊಳಗಿವೆ.

ಈ ವೃತ್ತಾಂತ ದೊರೆಯುವುದು ತರುವಾಯದ ಕಾಲದ ಬರಹಗಳಲ್ಲಿ. ಆದುದರಿಂದ ಅದರ ವಿವರಗಳನ್ನು ಐತಿಹ್ಯವೆಂದೇ ಪರಿಗಣಿಸಬೇಕು. ಆದರೂ ಅದು ಹಿಡಿದಿಟ್ಟಿರುವ ತಿಳಿವಳಿಕೆ ಮಹತ್ವದ್ದು. ಕಳವಾದ ಮಾತು ತಾನು ಕಳವಾದೆನೆಂದು ಹೇಳಲಾರದು. ಅದರ ಪಕ್ಕದಲ್ಲಿ ಬರೆದ ಅಂಕಿ ಹೇಳಬಲ್ಲುದು. ಮುಂದೆ ಅರ್ಜನರು ಸಂಪಾದಿಸಿದ ಗ್ರಂಥದ ಪ್ರತಿಯೊಂದು ಪದ್ಯದ ಕೊನೆಯಲ್ಲಿಯೂ ಇದೇ ಉಪಾಯ ಕಾಣಿಸಿಕೊಳ್ಳುತ್ತದೆ.

ಗುರುಪದವಿ ಮತ್ತು ದಾಯಾದಿ ಕಲಹ

ರಾಮದಾಸರು 1581ರಲ್ಲಿ ತೀರಿಕೊಂಡರು. ಹದಿನೆಂಟು ವರ್ಷದ ಅರ್ಜನರು ಐದನೆಯ ಗುರುವಾದರು. ಪೃಥೀಚಂದನು ಇದನ್ನು ಒಪ್ಪಲಿಲ್ಲ. ಅವನೂ ಅವನ ಅನುಯಾಯಿಗಳೂ ಪ್ರತ್ಯೇಕ ಪೀಠ ಕಟ್ಟಿಕೊಂಡರು. ಪಂಥದ ಮುಖ್ಯಧಾರೆ ಅವರನ್ನು ಮೀಣಾ, ಅಂದರೆ ಕಪಟಿಗಳು ಎಂದು ಕರೆಯಿತು. ಪೃಥೀಚಂದನ ಮಗ ಮೆಹರಬಾನ (1581-1640) ವಿದ್ವಾಂಸನೂ ಪ್ರತಿಭಾವಂತ ಕವಿಯೂ ಆಗಿದ್ದನು. ಅವನು ತನ್ನ ಪದ್ಯಗಳಿಗೆ ಬಳಸಿದ ಅಂಕಿತ ನಾನಕ ಎಂಬುದೇ.

ಈ ಸಂಗತಿಯ ತೀವ್ರತೆಯನ್ನು ಅರಿಯಲು ಅಂಕಿತದ ಪದ್ಧತಿಯನ್ನು ಗಮನಿಸಬೇಕು. ಕನ್ನಡ ವಚನ ಪರಂಪರೆಯಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬ ಶರಣರಿಗೂ ಅವರದೇ ಅಂಕಿತವಿದೆ. ಅಂಕಿತವೇ ಕರ್ತೃವನ್ನು ಗುರುತಿಸಿಕೊಡುತ್ತದೆ. ಸಿಖ್ ಗುರುಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಕ್ರಮವಿದೆ. ಗ್ರಂಥದಲ್ಲಿ ಪದ್ಯಗಳಿರುವ ಗುರುಗಳೆಲ್ಲರೂ ನಾನಕ ಎಂಬ ಒಂದೇ ಅಂಕಿತವನ್ನು ಬಳಸಿದರು. ಎಲ್ಲ ಗುರುಗಳಲ್ಲಿಯೂ ಬೆಳಗುವುದು ಒಂದೇ ಜ್ಯೋತಿ ಎಂಬ ನಂಬಿಕೆಯ ಅಭಿವ್ಯಕ್ತಿ ಅದು. ಆದರೆ ಒಂದೇ ಅಂಕಿತವು ಏಕತೆಯ ಗುರುತಾದಂತೆ ಅಪಾಯದ ಬಾಗಿಲೂ ಆಗಬಲ್ಲುದು. ಅದೇ ವಂಶದ, ಅದೇ ಛಂದಸ್ಸು ಮತ್ತು ರಾಗಗಳನ್ನು ಬಲ್ಲ ಕವಿಯೊಬ್ಬ ಅದೇ ಅಂಕಿತದಲ್ಲಿ ಬರೆದರೆ ದೂರದ ಊರಿನ ಭಕ್ತನಿಗೆ ಭೇದ ತಿಳಿಯುವ ಬಗೆ ಯಾವುದು? ಹಳೆಯ ಪೋಥಿಗಳಲ್ಲಿ ಕೆಲವು ದಾಯಾದಿಗಳ ವಶದಲ್ಲಿಯೂ ಇದ್ದವು. ನಾನಕರ ಕಾಲದ್ದೆಂದು ನಂಬಲಾದ ಒಂದು ಪೋಥಿ ಗುರು ಹರ್‌ಸಹಾಯ್ ಎಂಬ ಊರಿನ, ಪೃಥೀಚಂದನ ಸಂತತಿಯ ಮನೆತನದಲ್ಲಿ ಉಳಿದು ಬಂದು 1970ರಲ್ಲಿ ಕಳವಾಯಿತು.

ಅರ್ಜನರು ಈ ಸವಾಲಿಗೆ ಕಲಹದ ಮೂಲಕ ಉತ್ತರಿಸಲಿಲ್ಲ. ಅವರ ಮೊದಲ ಎರಡು ದಶಕಗಳು ಕಟ್ಟುವ ಕೆಲಸದಲ್ಲಿ ಕಳೆದವು. ಅಮೃತಸರದ ಸರೋವರ ಪೂರ್ಣಗೊಂಡಿತು. ಅದರ ನಡುವೆ ಹರಿಮಂದಿರ ಎದ್ದಿತು. ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದ ಆ ಮಂದಿರಕ್ಕೆ ಮೆಟ್ಟಿಲಿಳಿದು ಹೋಗಬೇಕಾಗಿತ್ತು. ಸೂಫಿ ಸಂತ ಮಿಯಾನ್ ಮೀರರು ಅದರ ಅಡಿಗಲ್ಲಿಟ್ಟರೆಂಬ ಜನಪ್ರಿಯ ಹೇಳಿಕೆಗೆ ಆರಂಭಕಾಲದ ಆಕರಗಳ ಬೆಂಬಲವಿಲ್ಲವೆಂದು ಚರಿತ್ರಕಾರರು ತೋರಿಸಿದ್ದಾರೆ. ತರನ್ ತಾರನ್, ಜಾಲಂಧರದ ಬಳಿಯ ಕರ್ತಾರ್‌ಪುರ ಮುಂತಾದ ಊರುಗಳು ಸ್ಥಾಪನೆಯಾದವು. ಆದಾಯದ ಹತ್ತನೆಯ ಒಂದು ಪಾಲನ್ನು ಪಂಥಕ್ಕೆ ಕೊಡುವ ದಸ್ವಂಧ ಪದ್ಧತಿಯೂ, ಅದನ್ನು ದೂರದ ಊರುಗಳಿಂದ ಸಂಗ್ರಹಿಸಿ ತರುವ ಮಸಂದರ ಜಾಲವೂ ವ್ಯವಸ್ಥಿತವಾದವು. 1595ರಲ್ಲಿ ಮಗ ಹರಗೋವಿಂದರು ಹುಟ್ಟಿದರು. 1598ರ ನವೆಂಬರಿನಲ್ಲಿ ಅಕ್ಬರನು ಗೋಯಿಂದವಾಲದಲ್ಲಿ ಅರ್ಜನರನ್ನು ಭೇಟಿಯಾದುದನ್ನು ಅಬುಲ್ ಫಜಲನ ಅಕ್ಬರ್‌ನಾಮಾ ದಾಖಲಿಸಿದೆ.

ಹಾಡಿನ ವಿಷಯದಲ್ಲಿಯೂ ಇದೇ ಅವಧಿಯಲ್ಲಿ ಒಂದು ತಿರುವು ಬಂದಿತು. ಸತ್ತಾ ಮತ್ತು ಬಲವಂಡ ಎಂಬ ಮುಸ್ಲಿಂ ಗಾಯಕರು ಗುರುಮನೆಯ ಆಶ್ರಯದಲ್ಲಿದ್ದರು. ಸಂಭಾವನೆಯ ವಿಷಯದಲ್ಲಿ ಮನಸ್ತಾಪ ಬೆಳೆದು ಅವರು ಹಾಡುವುದನ್ನು ನಿಲ್ಲಿಸಿದರು. ಆಗ ಅರ್ಜನರು ಭಕ್ತರೇ ವಾದ್ಯ ಹಿಡಿದು ಕೀರ್ತನೆ ಮಾಡಬೇಕೆಂದು ವಿಧಿಸಿದರೆಂದು ಪರಂಪರೆ ಹೇಳುತ್ತದೆ. ಗಾಯಕರು ಪಶ್ಚಾತ್ತಾಪಪಟ್ಟು ಮರಳಿ ಬಂದರು. ಗುರುಗಳನ್ನು ಸ್ತುತಿಸಿ ಅವರು ರಚಿಸಿದ ವಾರ್ ರಾಮಕಲಿ ರಾಗದಲ್ಲಿ ಗ್ರಂಥಕ್ಕೆ ಸೇರಿತು. ವಾಣಿಯನ್ನು ಹಾಡುವ ಅಧಿಕಾರ ವೃತ್ತಿಗಾಯಕರಿಂದ ಇಡೀ ಸಮುದಾಯಕ್ಕೆ ವಿಸ್ತರಿಸಿದಾಗ, ಹಾಡಬೇಕಾದುದು ಯಾವುದು ಎಂಬುದನ್ನು ಖಚಿತಪಡಿಸುವ ಅಗತ್ಯವೂ ಹೆಚ್ಚಿತು.

ರಾಮಸರದ ದಡದಲ್ಲಿ

ಗ್ರಂಥದ ಅಂತಿಮ ಬರವಣಿಗೆ 1603-04ರಲ್ಲಿ ಅಮೃತಸರದ ರಾಮಸರ ಎಂಬ ಕೊಳದ ದಡದಲ್ಲಿ ನಡೆಯಿತು. ಲಿಪಿಕಾರರು ಭಾಯಿ ಗುರುದಾಸರು. ಅವರು ಅಮರದಾಸರ ಬಂಧು. ಸಂಬಂಧದಲ್ಲಿ ಅರ್ಜನರಿಗೆ ಸೋದರಮಾವನಾಗಬೇಕು. ಸ್ವತಃ ಕವಿಯಾಗಿದ್ದ ಅವರ 40 ಪಂಜಾಬಿ ವಾರ್‌ಗಳನ್ನು ಗ್ರಂಥವನ್ನು ತೆರೆಯುವ ಕೀಲಿಕೈ ಎಂದು ಪಂಥ ಗೌರವಿಸುತ್ತದೆ. ಆದರೆ ಅವರು ತಾವೇ ಬರೆದ ಗ್ರಂಥದಲ್ಲಿ ಅವರದೊಂದು ಪದ್ಯವೂ ಇಲ್ಲ. ಯಾವ ಮಾತು ಒಳಗಿರಬೇಕು, ಯಾವುದು ಹೊರಗಿರಬೇಕು ಎಂಬ ಸಂಪಾದಕರ ನಿಷ್ಠುರತೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆಕರ ಸಂಗ್ರಹದ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ಗೋಯಿಂದವಾಲದ ಪೋಥಿಗಳು ಅಮರದಾಸರ ಮಗ ಮೋಹನರ ವಶದಲ್ಲಿದ್ದವು. ಕಳುಹಿಸಿದ ದೂತರಿಗೆ ಅವರು ಅವುಗಳನ್ನು ಕೊಡಲಿಲ್ಲ. ಅರ್ಜನರು ತಾವೇ ಬರಿಗಾಲಿನಲ್ಲಿ ಹೋಗಿ, ಸೋದರಮಾವನ ಮನೆಯ ಕಿಟಕಿಯ ಕೆಳಗೆ ಕುಳಿತು ಹಾಡಿ ಮನವೊಲಿಸಿ, ಪೋಥಿಗಳನ್ನು ಪಲ್ಲಕ್ಕಿಯಲ್ಲಿ ತಂದರು. ಉಳಿದಿರುವ ಗೋಯಿಂದವಾಲ ಪೋಥಿಗಳಿಗೂ ಆದಿಗ್ರಂಥಕ್ಕೂ ಇರುವ ನೇರ ಸಂಬಂಧದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗುರಿಂದರ್ ಸಿಂಗ್ ಮಾನ್ ಅವರು ಅವುಗಳನ್ನು ಗ್ರಂಥದ ಬೆಳವಣಿಗೆಯ ಮುಖ್ಯ ಹಂತವೆಂದು ವಿವರಿಸಿದ್ದಾರೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾನಿಲಯದಲ್ಲಿರುವ 1245ನೆಯ ಸಂಖ್ಯೆಯ ಹಸ್ತಪ್ರತಿಯು ಅರ್ಜನರ ಕಾಲದ ಕರಡುಪ್ರತಿ ಎಂಬುದು ಪಶೌರಾ ಸಿಂಗ್ ಅವರ ವಾದ. ಈ ಬಗೆಯ ಪಾಠಚರಿತ್ರೆಯ ಸಂಶೋಧನೆ 1990ರ ದಶಕದಲ್ಲಿ ಸಿಖ್ ಸಮುದಾಯದೊಳಗೆ ತೀವ್ರ ವಿವಾದಕ್ಕೆ ಗುರಿಯಾಯಿತು. ಗುರುವೆಂದು ಪೂಜೆಗೊಳ್ಳುವ ಗ್ರಂಥಕ್ಕೆ ಕರಡು ಇತ್ತೆಂದು ಹೇಳುವುದು ಶ್ರದ್ಧೆಗೆ ನೋವುಂಟುಮಾಡಿದ್ದು ಸಹಜವೇ. ಆದರೆ ಕರಡು, ಪರಿಶೀಲನೆ, ತಿದ್ದುಪಡಿಗಳ ಸಾಧ್ಯತೆಯನ್ನು ಒಪ್ಪುವುದರಿಂದ ಅರ್ಜನರ ಕಾರ್ಯದ ಮಹತ್ವ ಕುಗ್ಗುವುದಿಲ್ಲ. ಅವರ ಶ್ರಮ ಎಷ್ಟು ದೀರ್ಘವಾದುದೆಂಬುದು ಅದರಿಂದ ತಿಳಿಯುತ್ತದೆ.

ಅರ್ಜನರ ಕಾಲದ್ದೆಂದು ಪಂಥವು ಮಾನ್ಯಮಾಡಿರುವ ಮೂಲಪ್ರತಿ ಕರ್ತಾರ್‌ಪುರದ ಸೋಢಿ ಮನೆತನದಲ್ಲಿದೆ. 974 ಹಾಳೆಗಳ ಈ ಸಂಪುಟದ ವಿಷಯಸೂಚಿಯ ಆರಂಭದಲ್ಲಿ ವಿಕ್ರಮ ಸಂವತ್ 1661, ಅಂದರೆ ಸಾ.ಶ. 1604ರ ಉಲ್ಲೇಖವಿದೆ. ಭಾಯಿ ಜೋಧ್ ಸಿಂಗ್ ಅವರು ಈ ಪ್ರತಿಯನ್ನು ಹಾಳೆ ಹಾಳೆಯಾಗಿ ಪರಿಶೀಲಿಸಿ 1968ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಂದೊಂದು ವಿಭಾಗದ ಕೊನೆಯಲ್ಲಿ ಬಿಟ್ಟ ಖಾಲಿ ಜಾಗ, ಹೊಡೆದುಹಾಕಿದ ಸಾಲುಗಳು, ಅಂಚಿನ ಸೇರ್ಪಡೆಗಳು ಈ ಪ್ರತಿಯಲ್ಲಿವೆ. ಮೀರಾಬಾಯಿಯ ಹೆಸರಿನ ಪದ್ಯವೊಂದನ್ನು ಬರೆದು ಬಳಿಕ ಹೊಡೆದುಹಾಕಿರುವುದು ಅವುಗಳಲ್ಲೊಂದು.

ಸಂಪಾದನಾ ವಿಧಾನ

ಗ್ರಂಥದ ಆರಂಭದಲ್ಲಿ ನಾನಕರ ಜಪುಜಿಯೂ ಸಂಜೆ ಮತ್ತು ಮಲಗುವ ವೇಳೆಯ ಪ್ರಾರ್ಥನಾಪದ್ಯಗಳೂ ಇವೆ. ನಿತ್ಯದ ಪೂಜೆಗೆ ಬೇಕಾದುದು ಮೊದಲು ಬಂದಿದೆ. ಅನಂತರದ್ದು ಗ್ರಂಥದ ಮುಖ್ಯಶರೀರ. ಅದರ ವಿಭಜನೆ ರಾಗಗಳನ್ನು ಆಧರಿಸಿದೆ. ಅರ್ಜನರ ಗ್ರಂಥದಲ್ಲಿ 30 ರಾಗಗಳಿದ್ದವು. ಒಂಬತ್ತನೆಯ ಗುರುವಿನ ಪದ್ಯಗಳೊಡನೆ ಜೈಜಾವಂತಿ ಸೇರಿ 31 ಆದವು. ಪ್ರತಿಯೊಂದು ರಾಗದೊಳಗೆ ಮೊದಲು ಚಿಕ್ಕ ಪದ್ಯಗಳು, ಬಳಿಕ ಅಷ್ಟಪದಿಗಳು, ಛಂತಗಳು, ವಾರ್‌ಗಳು, ಕೊನೆಗೆ ಭಗತರ ಪದ್ಯಗಳು ಬರುತ್ತವೆ. ಒಂದೇ ಪ್ರಕಾರದೊಳಗೆ ಗುರುಗಳ ಅನುಕ್ರಮವನ್ನು ಪಾಲಿಸಲಾಗಿದೆ. ಅಂಕಿತ ಒಂದೇ ಆದುದರಿಂದ ಕರ್ತೃವನ್ನು ಗುರುತಿಸಲು ಶೀರ್ಷಿಕೆಯಲ್ಲಿ ಮಹಲಾ ಎಂಬ ಪದವನ್ನೂ ಅಂಕಿಯನ್ನೂ ಕೊಡಲಾಯಿತು. ಮಹಲಾ 1 ಎಂದರೆ ನಾನಕರು, ಮಹಲಾ 5 ಎಂದರೆ ಅರ್ಜನರು. ಹೀಗೆ ಅಂಕಿತವು ಜ್ಯೋತಿಯ ಏಕತೆಯನ್ನೂ ಮಹಲಾ ಸಂಖ್ಯೆಯು ಕರ್ತೃವಿನ ಪ್ರತ್ಯೇಕತೆಯನ್ನೂ ಏಕಕಾಲದಲ್ಲಿ ಉಳಿಸಿದವು.

ಪದ್ಯಗಳ ಕೊನೆಯ ಅಂಕಿಗಳ ಕ್ರಮ ಇನ್ನೂ ಸೂಕ್ಷ್ಮವಾದುದು. ಪದ್ಯದಲ್ಲಿರುವ ನುಡಿಗಳೆಷ್ಟು, ಆ ಗುರುವಿನ ಪದ್ಯಗಳಲ್ಲಿ ಅದು ಎಷ್ಟನೆಯದು, ಆ ಭಾಗದ ಆವರೆಗಿನ ಒಟ್ಟು ಮೊತ್ತವೆಷ್ಟು ಎಂಬುದನ್ನು ಅಂಕಿಗಳು ತಿಳಿಸುತ್ತವೆ. ನಡುವೆ ಒಂದು ಪದ್ಯವನ್ನು ತೂರಿಸಿದರೂ, ಒಂದನ್ನು ಕಿತ್ತುಹಾಕಿದರೂ ಮುಂದಿನ ಮೊತ್ತಗಳೆಲ್ಲ ತಪ್ಪುತ್ತವೆ. ಪ್ರಕ್ಷಿಪ್ತವನ್ನು ತಡೆಯುವ ಕಾವಲನ್ನು ಪಠ್ಯದೊಳಗೇ ನೇಯ್ದ ಈ ವಿಧಾನಕ್ಕೆ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಲಾಹೋರಿನ ಮೂರನೆಯ ಪತ್ರದ ಮೇಲಿನ ಅಂಕಿಯೇ ಇಲ್ಲಿ ಒಂದು ಶಾಸ್ತ್ರವಾಗಿ ಬೆಳೆದಂತೆ ತೋರುತ್ತದೆ. ಹಲವು ವಾರ್‌ಗಳ ಕೊನೆಯಲ್ಲಿ ಪಾಠವು ಶುದ್ಧವಾಗಿದೆ ಎಂಬರ್ಥದ, ಕೆಲವೆಡೆ ಶುದ್ಧಗೊಳಿಸಬೇಕು ಎಂಬರ್ಥದ ಸಂಪಾದಕೀಯ ಸೂಚನೆಗಳಿವೆ. ನಂತರದ ಪ್ರತಿಕಾರರು ಅವನ್ನೂ ಹಾಗೆಯೇ ಉಳಿಸಿಕೊಂಡರು. ಇಂದಿನ ಮುದ್ರಿತ ಗ್ರಂಥದಲ್ಲಿಯೂ ಆ ಸೂಚನೆಗಳು ಪವಿತ್ರ ಪಾಠದ ಭಾಗವಾಗಿವೆ.

ಗಡಿ ಹಾಕುವ ಈ ಕೆಲಸದ ಇನ್ನೊಂದು ಮುಖ ಒಳಗೊಳ್ಳುವಿಕೆ. ತಮ್ಮ ಅಣ್ಣನ ಮನೆಯ ಪದ್ಯಗಳನ್ನು ಹೊರಗಿಟ್ಟ ಸಂಪಾದಕರು ಗುರುಪರಂಪರೆಗೆ ಸೇರದ 15 ಮಂದಿ ಭಗತರ ವಾಣಿಯನ್ನು ಒಳಕ್ಕೆ ತಂದರು. ನೇಯ್ಗೆಯ ಕಬೀರ, ಚರ್ಮಕಾರ ರವಿದಾಸ, ಮಹಾರಾಷ್ಟ್ರದ ಸಿಂಪಿಗ ನಾಮದೇವ, ಕ್ಷೌರಿಕ ಸೈನ, ಸೂಫಿ ಶೇಖ್ ಫರೀದ, ಬ್ರಾಹ್ಮಣ ರಮಾನಂದ ಇವರೆಲ್ಲರ ಮಾತುಗಳು ಗುರುಗಳ ಮಾತಿನ ಜೊತೆಗೆ ಒಂದೇ ಪೀಠವನ್ನು ಪಡೆದವು. ಗ್ರಂಥದ ಮುಂದೆ ತಲೆಬಾಗುವ ಪ್ರತಿಯೊಬ್ಬನೂ ಇವರೆಲ್ಲರಿಗೂ ತಲೆಬಾಗುತ್ತಾನೆ. ಜಾತಿಭೇದದ ನಿರಾಕರಣೆ ಇಲ್ಲಿ ಬೋಧನೆಯಾಗಿ ಉಳಿಯದೆ ಪೂಜಾವಿಧಿಯೇ ಆಗಿದೆ. ಆದರೆ ಸೇರ್ಪಡೆಗೂ ಒಂದು ಕಟ್ಟುನಿಟ್ಟಿತ್ತು. ಲಾಹೋರಿನ ಶಾಹ್ ಹುಸೇನ, ಛಜ್ಜು, ಕಾಹ್ನಾ, ಪೀಲು ಎಂಬ ಕವಿಗಳು ತಮ್ಮ ಪದ್ಯಗಳನ್ನು ತಂದಾಗ ಅರ್ಜನರು ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ.

ಭಗತರ ಮಾತಿನೊಡನೆ ಭಿನ್ನಾಭಿಪ್ರಾಯ ಬಂದಲ್ಲಿ ಅರ್ಜನರು ಅನುಸರಿಸಿದ ಮಾರ್ಗ ವಿಶೇಷವಾದುದು. ಫರೀದರ ಶ್ಲೋಕಗಳಲ್ಲಿ ದೇಹದಂಡನೆಯ, ವೈರಾಗ್ಯದ ಧಾಟಿ ಗಾಢವಾಗಿದೆ. ಗೃಹಸ್ಥಧರ್ಮವನ್ನು ಎತ್ತಿಹಿಡಿದ ಗುರುಗಳ ನಿಲುವು ಬೇರೆ. ಅಂಥ ಕಡೆ ಫರೀದರ ಶ್ಲೋಕವನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಗುರುಗಳ ಉತ್ತರರೂಪದ ಶ್ಲೋಕವನ್ನು ಮಹಲಾ ಸಂಖ್ಯೆಯೊಡನೆ ಇಡಲಾಗಿದೆ. ಕಬೀರನ ಶ್ಲೋಕಗಳ ನಡುವೆಯೂ ಇಂಥ ಸೇರ್ಪಡೆಗಳಿವೆ. ಸೂರದಾಸನದು ಒಂದೇ ಸಾಲು ಉಳಿದಿದ್ದು, ಅದನ್ನು ಅನುಸರಿಸಿ ಅರ್ಜನರ ಪದ್ಯ ಬರುತ್ತದೆ. ಹೀಗೆ ಒಪ್ಪಿಗೆಯಾಗದ ಮಾತನ್ನು ಅಳಿಸದೆ ಅದಕ್ಕೆ ಉತ್ತರ ಕೊಡುವ, ಆ ಉತ್ತರದ ಹೊಣೆಯನ್ನು ಹೆಸರಿಸಿ ಹೊರುವ ಕ್ರಮ ಗ್ರಂಥವನ್ನು ಒಂದು ಸಂವಾದವನ್ನಾಗಿಸಿದೆ.

ಅರ್ಜನರ ಸ್ವಂತ ರಚನೆಗಳು 2000ಕ್ಕೂ ಮಿಕ್ಕಿವೆ. ಗ್ರಂಥದಲ್ಲಿ ಅತ್ಯಧಿಕ ಪಾಲು ಅವರದೇ. 24 ಅಷ್ಟಪದಿಗಳ ಸುಖಮನಿ ಸಿಖ್ ಮನೆಗಳಲ್ಲಿ ದಿನನಿತ್ಯ ಪಾರಾಯಣವಾಗುವ ಕೃತಿ. ಹೀಗಿದ್ದೂ ಅವರು ತಮ್ಮ ಪದ್ಯಗಳಿಗೆ ಕೊಟ್ಟುಕೊಂಡ ಸ್ಥಾನ ಗುರುಗಳ ಅನುಕ್ರಮದಲ್ಲಿ ಐದನೆಯದು.

ಹರಿಮಂದಿರದಲ್ಲಿ ಗ್ರಂಥ

1604ರಲ್ಲಿ ಗ್ರಂಥವನ್ನು ಮೆರವಣಿಗೆಯಲ್ಲಿ ತಂದು ಹರಿಮಂದಿರದಲ್ಲಿ ಪ್ರತಿಷ್ಠಾಪಿಸಲಾಯಿತು. ನಾನಕರ ಕಾಲದಿಂದಲೂ ಪಂಥದಲ್ಲಿದ್ದ ವೃದ್ಧರಾದ ಬಾಬಾ ಬುಡ್ಢಾ ಅವರು ಅದರ ಮೊದಲ ಗ್ರಂಥಿಯಾಗಿ ನೇಮಕಗೊಂಡರು. ಹಗಲು ಗ್ರಂಥವು ಮಂದಿರದಲ್ಲಿದ್ದು ರಾತ್ರಿ ಗುರುವಿನ ಕೋಣೆಗೆ ಬರುತ್ತಿತ್ತು. ಗ್ರಂಥವನ್ನು ಮಂಚದ ಮೇಲಿರಿಸಿ ಅರ್ಜನರು ಅದರ ಕೆಳಗೆ ನೆಲದ ಮೇಲೆ ಮಲಗುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಇಂದು ಗುರುದ್ವಾರಗಳಲ್ಲಿ ಕಾಣುವ ಪ್ರಕಾಶ, ಸುಖಾಸನಗಳ ಮೂಲವನ್ನು ಪಂಥವು ಈ ಪದ್ಧತಿಯಲ್ಲಿ ಗುರುತಿಸುತ್ತದೆ.

ಈ ಚಿತ್ರದಲ್ಲಿ ಒಂದು ನಿರ್ಣಾಯಕ ಸಂಗತಿ ಅಡಗಿದೆ. ಜೀವಂತ ಗುರುವು ತಾನೇ ಸಂಪಾದಿಸಿದ, ಅತ್ಯಧಿಕ ಪಾಲನ್ನು ತಾನೇ ರಚಿಸಿದ ಗ್ರಂಥಕ್ಕಿಂತ ಕೆಳಗಿನ ಸ್ಥಾನವನ್ನು ಸ್ವೀಕರಿಸಿದ್ದಾನೆ. ವಾಣಿಯು ಗುರುವಿನಿಂದ ಬಂದರೂ ಗುರುವಿನ ಸೊತ್ತಲ್ಲ ಎಂಬ ತತ್ತ್ವ ಇಲ್ಲಿ ಆಚರಣೆಗೆ ಇಳಿದಿದೆ. 1708ರ ನಿರ್ಧಾರಕ್ಕೆ ಬೇಕಾದ ಮನೋಭೂಮಿಕೆ ಅಂದೇ ಸಿದ್ಧವಾಯಿತೆನ್ನಬಹುದು.

ಲಾಹೋರಿನ ಅಂತ್ಯ

ಅಕ್ಬರನು 1605ರ ಅಕ್ಟೋಬರಿನಲ್ಲಿ ಮರಣಹೊಂದಿ ಜಹಾಂಗೀರನು ಪಟ್ಟಕ್ಕೆ ಬಂದನು. 1606ರ ಏಪ್ರಿಲ್‌ನಲ್ಲಿ ಅವನ ಮಗ ಖುಸ್ರೋ ದಂಗೆಯೆದ್ದು ಪಂಜಾಬಿನ ಕಡೆ ಓಡಿದನು. ಗೋಯಿಂದವಾಲದ ದಾರಿಯಲ್ಲಿ ಅರ್ಜನರು ಅವನ ಹಣೆಗೆ ಕೇಸರಿಯ ಗುರುತಿಟ್ಟರೆಂಬುದು ಜಹಾಂಗೀರನ ಆತ್ಮಕಥನದಲ್ಲಿರುವ ಆರೋಪ. ಅನೇಕ ಹಿಂದೂಗಳೂ ಕೆಲವು ಮುಸ್ಲಿಮರೂ ಈ ಗುರುವಿನ ಅನುಯಾಯಿಗಳಾಗಿದ್ದುದು ತನಗೆ ಬಹುಕಾಲದಿಂದ ಅಸಮಾಧಾನ ತಂದಿತ್ತೆಂದೂ, ಆ ವ್ಯವಹಾರವನ್ನು ನಿಲ್ಲಿಸಬೇಕು ಅಥವಾ ಅವರನ್ನು ಇಸ್ಲಾಮಿಗೆ ತರಬೇಕೆಂದು ಯೋಚಿಸುತ್ತಿದ್ದೆನೆಂದೂ ಅವನು ಬರೆದಿದ್ದಾನೆ. ಅವರ ಮನೆ ಮಕ್ಕಳನ್ನು ಮುರ್ತಜಾ ಖಾನನ ವಶಕ್ಕೆ ಒಪ್ಪಿಸಿ, ಆಸ್ತಿ ಮುಟ್ಟುಗೋಲು ಹಾಕಿ, ಅವರನ್ನು ಕೊಲ್ಲಬೇಕೆಂದು ಆಜ್ಞೆಯಾಯಿತು. ಲಾಹೋರಿನಲ್ಲಿದ್ದ ಜೆಸ್ಯೂಟ್ ಪಾದ್ರಿ ಜೆರೋಮ್ ಝೇವಿಯರ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರೆದ ಪತ್ರದಲ್ಲಿ ಭಾರಿ ದಂಡ, ಅದರ ವಸೂಲಿಗಾಗಿ ನೀಡಿದ ಹಿಂಸೆ ಹಾಗೂ ಅದರಿಂದ ಸಂಭವಿಸಿದ ಸಾವಿನ ಪ್ರಸ್ತಾಪವಿದೆ.

ಅರ್ಜನರು 1606ರ ಮೇ 30ರಂದು ಲಾಹೋರಿನಲ್ಲಿ ಪ್ರಾಣ ಬಿಟ್ಟರು. ಕಾದ ಹೆಂಚು, ಕಾದ ಮರಳು, ಕೊನೆಗೆ ರಾವಿಯ ನೀರು ಎಂದು ಸಿಖ್ ಪರಂಪರೆ ಆ ದಿನಗಳನ್ನು ನೆನೆಯುತ್ತದೆ. ಈಗ ಪಾಕಿಸ್ತಾನದಲ್ಲಿರುವ ಲಾಹೋರಿನ ಡೇರಾ ಸಾಹಿಬ್ ಗುರುದ್ವಾರ ಅವರ ಸ್ಮಾರಕ. ಗ್ರಂಥದ ಪದ್ಯಗಳನ್ನು ಬದಲಿಸಬೇಕೆಂಬ ಒತ್ತಾಯವನ್ನು ಅವರು ನಿರಾಕರಿಸಿದ್ದೇ ಕೊಲೆಗೆ ಕಾರಣವೆಂದು ನಂತರದ ಕಥನಗಳು ಹೇಳುತ್ತವೆ. ಜಹಾಂಗೀರನ ಬರಹದಲ್ಲಾಗಲಿ ಝೇವಿಯರನ ಪತ್ರದಲ್ಲಾಗಲಿ ಈ ಒತ್ತಾಯದ ಪ್ರಸ್ತಾಪವಿಲ್ಲ. ಚರಿತ್ರೆಯ ದೃಷ್ಟಿಯಿಂದ ಇದನ್ನು ಸಾಧಿಸುವುದು ಕಷ್ಟ. ಆದರೆ ಸಮುದಾಯವು ತನ್ನ ಗುರುವಿನ ಮರಣಕ್ಕೆ ಪಾಠರಕ್ಷಣೆಯೇ ಕಾರಣವೆಂದು ನಂಬಿರುವುದು ಚರಿತ್ರೆಗೆ ಸೇರಿದ ಸಂಗತಿಯೇ ಸರಿ. ದೇಹವನ್ನಾದರೂ ಬಿಟ್ಟಾರು, ಪದವನ್ನು ತಿದ್ದಲಾರರು ಎಂಬ ನೆಲೆಯಲ್ಲಿ ಆ ಸಮುದಾಯ ಅವರನ್ನು ಅರ್ಥಮಾಡಿಕೊಂಡಿತು.

ಹಸ್ತಪ್ರತಿಯ ಒಡೆತನ, ಪಾಠದ ಅಧಿಕಾರ

ಅರ್ಜನರ ನಂತರ ಹನ್ನೊಂದು ವರ್ಷದ ಹರಗೋವಿಂದರು ಗುರುವಾದರು. 1630ರ ದಶಕದಲ್ಲಿ ಅವರು ಕೀರತ್‌ಪುರಕ್ಕೆ ನೆಲೆ ಬದಲಿಸಿದಾಗ ಮೂಲಪ್ರತಿಯು ಕರ್ತಾರ್‌ಪುರದಲ್ಲಿದ್ದ ಮೊಮ್ಮಗ ಧೀರಮಲ್ಲನ ವಶದಲ್ಲಿ ಉಳಿಯಿತು. ಅವನು ಅದನ್ನು ಗುರುಪದವಿಯ ಹಕ್ಕಿನ ಸಾಧನವನ್ನಾಗಿ ಹಿಡಿದುಕೊಂಡನು. ಅಮೃತಸರವು 17ನೆಯ ಶತಮಾನದ ಬಹುಭಾಗ ಮೆಹರಬಾನನ ಪಂಗಡದ ಹಿಡಿತದಲ್ಲಿತ್ತು. ಹೀಗೆ ಅರ್ಜನರು ಕಟ್ಟಿದ ಮಂದಿರವೂ ಬರೆಸಿದ ಸಂಪುಟವೂ ಎದುರು ಪಕ್ಷಗಳ ಪಾಲಾದವು.

ಆದರೂ ಪಂಥ ಅನಾಥವಾಗಲಿಲ್ಲ. ಪ್ರತಿಗಳು ಹರಡಿದ್ದವು, ಪಾಠ ನೆನಪಿನಲ್ಲಿತ್ತು. 17ನೆಯ ಶತಮಾನದ ಕೊನೆಯ ಭಾಗದ ಪ್ರತಿಗಳಲ್ಲಿ ಒಂಬತ್ತನೆಯ ಗುರು ತೇಗ್ ಬಹಾದೂರರ ಪದ್ಯಗಳು ಸೇರತೊಡಗಿದವು. ಧೀರಮಲ್ಲನ ಮನೆಯವರು ಸಂಪುಟವನ್ನು ಕೊಡಲು ಒಪ್ಪದಿದ್ದಾಗ ಗೋವಿಂದಸಿಂಹರು ತಲವಂಡಿ ಸಾಬೋದ ದಮದಮಾದಲ್ಲಿ ಇಡೀ ಗ್ರಂಥವನ್ನು ನೆನಪಿನಿಂದ ಹೇಳಿ ಭಾಯಿ ಮಣಿಸಿಂಹರಿಂದ ಬರೆಸಿದರೆಂಬ ಐತಿಹ್ಯವಿದೆ. ಇದರ ಐತಿಹಾಸಿಕತೆ ಏನೇ ಇರಲಿ, ಅಧಿಕಾರ ಇರುವುದು ಯಾರದೋ ಪೆಟ್ಟಿಗೆಯಲ್ಲಿರುವ ಹಾಳೆಗಳಲ್ಲಲ್ಲ, ಪಾಠದಲ್ಲಿ ಎಂಬ ಅರಿವು ಅದರಲ್ಲಿದೆ. 1708ರಲ್ಲಿ ದಖನ್ನಿನ ನಾಂದೇಡದಲ್ಲಿ ಗೋವಿಂದಸಿಂಹರು ದೇಹಧಾರಿ ಗುರುಗಳ ಪರಂಪರೆಯನ್ನು ಮುಗಿಸಿ ಗ್ರಂಥವನ್ನೇ ಗುರುವೆಂದು ಸಾರಿದರು. 1699ರಲ್ಲಿ ಅವರು ಆರಿಸಿದ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನವರೆಂಬುದನ್ನು ಕರ್ನಾಟಕದ ಓದುಗರು ಇಲ್ಲಿ ನೆನೆಯಬಹುದು. ಭಾರತದ ಸರ್ವೋಚ್ಚ ನ್ಯಾಯಾಲಯವು 2000ದ ಮಾರ್ಚ್‌ನಲ್ಲಿ, ಗುರುದ್ವಾರದಲ್ಲಿ ಪ್ರತಿಷ್ಠಿತವಾದ ಗುರು ಗ್ರಂಥ ಸಾಹಿಬನ್ನು ಆಸ್ತಿ ಹೊಂದಬಲ್ಲ ಕಾನೂನಿನ ವ್ಯಕ್ತಿಯೆಂದು ಮಾನ್ಯಮಾಡಿತು.

ಇಂದು ಮುದ್ರಿತ ಗ್ರಂಥದಲ್ಲಿ 1430 ಪುಟಗಳಿವೆ. ಅಮೃತಸರದಲ್ಲಿಯೂ ಬೀದರಿನ ನಾನಕ ಝೀರಾದಲ್ಲಿಯೂ ಒಂದು ಪದ್ಯ ಅದೇ ಪುಟದಲ್ಲಿ ದೊರೆಯುತ್ತದೆ. ಅದರ ಕೊನೆಯಲ್ಲಿ ರಾಮಸರದಲ್ಲಿ ಬರೆಸಿದ ಅಂಕಿಗಳೂ ಇರುತ್ತವೆ. ಭಕ್ತನು ಪಾರಾಯಣದಲ್ಲಿ ಆ ಅಂಕಿಗಳ ಕಡೆ ಗಮನ ಕೊಡಬೇಕಾಗಿಲ್ಲ. ಆದರೆ ತನ್ನ ಮುಂದಿರುವುದು ಗುರುವಿನ ಮಾತೇ ಎಂದು ಅವನು ನಿಶ್ಚಿಂತನಾಗಿ ತಲೆಬಾಗಲು ಸಾಧ್ಯವಾಗಿರುವುದು ಅವುಗಳ ಕಾವಲಿನಿಂದ. ಗ್ರಂಥವು ಗುರುವಾಗುವುದಕ್ಕೆ ಶ್ರದ್ಧೆ ಎಷ್ಟು ಅಗತ್ಯವಾಗಿತ್ತೋ ಪಾಠಶುದ್ಧಿಯೂ ಅಷ್ಟೇ ಅಗತ್ಯವಾಗಿತ್ತು ಎಂಬುದನ್ನು ಅರ್ಜನದೇವರ ಬದುಕು ತೋರಿಸಿಕೊಡುತ್ತದೆ.